ಲಾರಿ ಎಂಜಿನ್ನಿನಿಂದ ವಿಶ್ವ ಕಿರೀಟಕ್ಕೆ: ಮೆಕ್ಯಾನಿಕ್ ಫಾಂಜಿಯೊ

ನಮ್ಮ ಐ.ಸಿ. ಎಂಜಿನ್ ಲ್ಯಾಬಿನ ಮೂಲೆಯಲ್ಲಿ ಒಂದು ಹಳೇ ಆರು ಸಿಲಿಂಡರ್ ಲಾರಿ ಎಂಜಿನ್ ಇದೆ. ಒಳಗಿನ ಪಿಸ್ಟನ್, ವಾಲ್ವ್ ಎಲ್ಲಾ ಕಾಣೋ ಹಾಗೆ ಉದ್ದಕ್ಕೆ ಕೊಯ್ದು, ಕೆಂಪು ಹಳದಿ ಬಣ್ಣ ಬಳಿದು, ಸ್ಟ್ಯಾಂಡ್ ಮೇಲೆ ಕೂರಿಸಿದ್ದಾರೆ. ನಾವು ಅದರ ಮೇಲೆ ಬ್ಯಾಗ್ ಇಡ್ತೀವಿ, ವೈವಾಗೆ ಮುಂಚೆ ಐದು ನಿಮಿಷ ನೋಡ್ತೀವಿ, ಅಷ್ಟೇ. ಭಾನುವಾರ ರಾತ್ರಿ ಹಾಸ್ಟೆಲ್‌ನಲ್ಲಿ ಫಾರ್ಮುಲಾ ಒನ್ ನೋಡೋ ನಮ್ಮಂಥವರಿಗೆ ಲಾರಿ ಎಂಜಿನ್ ಅಂದ್ರೆ ಸ್ವಲ್ಪ ಅಸಡ್ಡೆ.

ಆ ಅಸಡ್ಡೆ ನಮಗೆ ಹೋದದ್ದು ಹುವಾನ್ ಮ್ಯಾನುಯೆಲ್ ಫಾಂಜಿಯೊ ಅವರ ಬಗ್ಗೆ ಓದಿದ ಮೇಲೆ. ಐದು ಸಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವರು ಅವರು. ಆದರೆ ಅವರಿಗೆ ಮೊದಲ ಹೆಸರು ತಂದುಕೊಟ್ಟಿದ್ದು ಯಾವ ರೇಸ್ ಕಂಪನಿಯ ಎಂಜಿನ್ನೂ ಅಲ್ಲ. ಮನೆಮಂದಿ ಓಡಾಡೋ ಕಾರಿನಲ್ಲೂ, ಮೂಟೆ ಹೊರೋ ಲಾರಿಯಲ್ಲೂ ಇದ್ದ ಷೆವರ್ಲೆ ಕಂಪನಿಯ ಸಾದಾ ಆರು ಸಿಲಿಂಡರ್ ಎಂಜಿನ್.

ಇದನ್ನು ಬರೆಯೋಕೆ ನಮಗೆ ಇನ್ನೊಂದು ಕಾರಣವೂ ಇದೆ. ಹೋದ ವರ್ಷ ನಮ್ಮ ಗೋ-ಕಾರ್ಟ್ ಟೀಮ್ ಕ್ಲಾಸಿಂದ ಕ್ಲಾಸಿಗೆ ಹೋಗಿ ಚಂದಾ ಎತ್ತಿ ಒಂದು ಎಂಜಿನ್ ತಂದಿತ್ತು. ಇನ್ನೂ ಸ್ವಲ್ಪ ಸ್ಪೀಡ್ ಸಿಗಲಿ ಅಂತ ನಾವು ಅದರ ಗವರ್ನರ್ ತೆಗೆದುಹಾಕಿದ್ವಿ. ಆಯಿಲ್ ಎಷ್ಟಿದೆ ಅಂತ ಯಾರೂ ನೋಡಲಿಲ್ಲ. ಟೆಸ್ಟ್ ಮಾಡಿದ ದಿನವೇ ಎಂಜಿನ್ ಸೀಜ್ ಆಯ್ತು. ಐವತ್ತು, ನೂರು ರೂಪಾಯಿ ಕೊಟ್ಟಿದ್ದ ಜೂನಿಯರ್‌ಗಳು ಕಾರ್ಟ್ ಏನಾಯ್ತು ಅಂತ ಕೇಳಿದಾಗ ಮುಖ ಎತ್ತಿ ಮಾತಾಡೋಕೆ ಆಗಲಿಲ್ಲ. ಫಾಂಜಿಯೊ ಕತೆಯಲ್ಲೂ ಚಂದಾ ಇದೆ, ಎಂಜಿನ್ ಇದೆ. ಆದರೆ ಅವರು ಎಂಜಿನ್ನನ್ನು ವಾಪಸ್ ಮನೆಗೆ ತಂದರು.

ಆಲೂಗಡ್ಡೆ ಊರಿನ ಹುಡುಗ

ಫಾಂಜಿಯೊ ಹುಟ್ಟಿದ್ದು 1911ರ ಜೂನ್ 24ರಂದು, ಅರ್ಜೆಂಟೀನಾದ ಬಾಲ್ಕಾರ್ಸೆಯಲ್ಲಿ. ರಾಜಧಾನಿ ಬ್ಯೂನಸ್ ಐರಿಸ್‌ನಿಂದ ದಕ್ಷಿಣಕ್ಕೆ ಸುಮಾರು 400 ಕಿ.ಮೀ. ದೂರದ, ಆಲೂಗಡ್ಡೆ ಬೆಳೆಗೆ ಹೆಸರಾದ ಸಣ್ಣ ಊರು. ಅಪ್ಪ ಲೊರೆಟೊ, ಅಮ್ಮ ಎರ್ಮಿನಿಯಾ. ಇಬ್ಬರ ಮನೆತನವೂ ಇಟಲಿಯಿಂದ ಹೊಟ್ಟೆಪಾಡಿಗೆ ಬಂದದ್ದು. ಆರು ಮಕ್ಕಳಲ್ಲಿ ಇವರು ನಾಲ್ಕನೆಯವರು. ಫುಟ್‌ಬಾಲ್ ಚೆನ್ನಾಗಿ ಆಡುತ್ತಿದ್ದರು. ಕಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿದ್ದರಿಂದ ಗೆಳೆಯರು ಎಲ್ ಚುಯೆಕೊ, ಅಂದರೆ ಸೊಟ್ಟಗಾಲ ಅಂತ ಅಡ್ಡಹೆಸರು ಇಟ್ಟರು. ವಿಶ್ವ ಚಾಂಪಿಯನ್ ಆದ ಮೇಲೂ ಆ ಹೆಸರು ಹೋಗಲಿಲ್ಲ.

ಓದು ಹೆಚ್ಚು ಮುಂದುವರೆಯಲಿಲ್ಲ. ಹದಿಮೂರರ ಹೊತ್ತಿಗೆ ಶಾಲೆ ಬಿಟ್ಟು ಗ್ಯಾರೇಜ್ ಸೇರಿದರು. ನೆಲ ಗುಡಿಸೋದು, ಪಾರ್ಟ್ಸ್ ತೊಳೆಯೋದು, ಆಮೇಲೆ ಮೆಲ್ಲಗೆ ಎಂಜಿನ್ ಬಿಚ್ಚೋದು. ನಾವು ಮೂರನೇ ಸೆಮಿಸ್ಟರ್‌ನಲ್ಲಿ ಡ್ರಾಯಿಂಗ್ ನೋಡಿ ಕಲಿಯೋದನ್ನು ಅವರು ಹದಿನೈದಕ್ಕೇ ಬೆರಳಲ್ಲಿ ಕಲಿತಿದ್ದರು. ನಡುವೆ ನ್ಯುಮೋನಿಯಾ ಬಂದು ಬದುಕೋದೇ ಕಷ್ಟ ಅನ್ನೋ ಸ್ಥಿತಿಗೆ ಹೋಗಿದ್ದರು. ಅಮ್ಮನ ಆರೈಕೆಯಲ್ಲಿ ಚೇತರಿಸಿಕೊಂಡರು. ಕಡ್ಡಾಯ ಸೈನಿಕ ಸೇವೆ ಮುಗಿಸಿ ಬಂದ ಮೇಲೆ ಗೆಳೆಯರ ಜೊತೆ ಸೇರಿ ಊರಲ್ಲೇ ಸ್ವಂತ ಗ್ಯಾರೇಜ್ ಹಾಕಿದರು.

1936ರಲ್ಲಿ ಮೊದಲ ರೇಸ್. ಸ್ವಂತ ಕಾರಿರಲಿಲ್ಲ. ಟ್ಯಾಕ್ಸಿಯಾಗಿ ಓಡುತ್ತಿದ್ದ ಫೋರ್ಡ್ ಗಾಡಿಯೊಂದನ್ನು ಎರವಲು ತಂದು, ತಮ್ಮ ನಿಜವಾದ ಹೆಸರು ಕೊಡದೆ, ರಿವಡಾವಿಯಾ ಅನ್ನೋ ಹೆಸರಲ್ಲಿ ಓಡಿಸಿದರು. ಎಂಜಿನ್ ಕೈಕೊಟ್ಟಿತು, ರೇಸ್ ಮುಗಿಸೋಕೆ ಆಗಲಿಲ್ಲ. ಇನ್ನೊಬ್ಬರ ಅನ್ನದ ಗಾಡಿಯನ್ನು ಕೆಟ್ಟ ಸ್ಥಿತಿಯಲ್ಲಿ ನೋಡೋದು ಹೇಗಿರುತ್ತೆ ಅನ್ನೋದು ಅವರಿಗೆ ಮೊದಲ ರೇಸಿನಲ್ಲೇ ಗೊತ್ತಾಯಿತು ಅಂತ ನಮಗನ್ನಿಸುತ್ತೆ.

ಒಲೆಯ ಬೋಲ್ಟಿನ ಎಂಜಿನ್

ಆ ಕಾಲದಲ್ಲಿ ಅರ್ಜೆಂಟೀನಾದ ದೊಡ್ಡ ರೇಸ್ ಅಂದರೆ ಟೂರಿಸ್ಮೊ ಕಾರ್ರೆತೆರಾ. ಟ್ರ್ಯಾಕ್ ಇಲ್ಲ, ಮಾಮೂಲಿ ರಸ್ತೆಯೇ ಟ್ರ್ಯಾಕ್. ಅದರಲ್ಲೂ ಬಹುಪಾಲು ಮಣ್ಣಿನ ರಸ್ತೆ. ಷೋರೂಮಿನಲ್ಲಿ ಸಿಗೋ ಕೂಪೆ ಕಾರುಗಳನ್ನೇ ಗಟ್ಟಿ ಮಾಡಿಕೊಂಡು ಊರಿಂದೂರಿಗೆ ಸಾವಿರಾರು ಕಿ.ಮೀ. ಓಡಿಸಬೇಕು. ಗೆಲ್ಲುತ್ತಿದ್ದವರ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಫೋರ್ಡ್ ವಿ-8.

1939ರಲ್ಲಿ ಬಾಲ್ಕಾರ್ಸೆ ಊರಿನವರು ಚಂದಾ ಎತ್ತಿ ತಮ್ಮ ಹುಡುಗನಿಗೆ ಒಂದು ಕಾರು ಕೊಡಿಸೋಕೆ ಹೊರಟರು. ಹುಡುಕಿದ್ದು ಫೋರ್ಡ್, ಸಿಕ್ಕಿದ್ದು ಷೆವರ್ಲೆ. ಬೇಕಾದದ್ದು ಸಿಗದೇ ಇದ್ದಾಗ ಸಿಕ್ಕಿದ ಎಂಜಿನ್ನೇ ಅವರ ಬದುಕಿನ ದಾರಿ ತಿರುಗಿಸಿತು.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಆರು ಸಿಲಿಂಡರ್ ಕೊಟ್ಟು ನಾಲ್ಕು ಸಿಲಿಂಡರಿನ ಬೆಲೆ ತಗೋತೀವಿ ಅನ್ನೋ ಪ್ರಚಾರದೊಂದಿಗೆ ಷೆವರ್ಲೆ ಇದನ್ನು 1929ರ ಮಾಡೆಲ್ ಕಾರುಗಳಲ್ಲಿ ತಂದಿತು. ಪಿಸ್ಟನ್ ಕೂಡ ಎರಕದ ಕಬ್ಬಿಣದ್ದೇ. ಅದರಲ್ಲಿದ್ದ ಬೋಲ್ಟುಗಳು ಸೌದೆ ಒಲೆಗೆ ಹಾಕೋ ಬೋಲ್ಟಿನ ಹಾಗೆ ಕಾಣುತ್ತಿದ್ದವು ಅಂತ ಅಮೆರಿಕದ ಜನ ಅದಕ್ಕೆ ಸ್ಟೋವ್‌ಬೋಲ್ಟ್ ಅಂತ ಹೆಸರಿಟ್ಟರು. 1937ರಲ್ಲಿ ಹೊಸ ವಿನ್ಯಾಸ ಬಂತು: 216 ಘನ ಇಂಚು, ಅಂದರೆ ಸುಮಾರು 3.5 ಲೀಟರ್, 85 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಒಂದು ಸಣ್ಣ ಕಾರಿನಷ್ಟು. ಅದನ್ನೇ ಲಾರಿಗೂ ಹಾಕುತ್ತಿದ್ದರು.

ಒಳ್ಳೇ ಗುಣ ಎರಡು. ಒಂದು, ಸಾಲಾಗಿ ನಿಂತ ಆರು ಸಿಲಿಂಡರ್‌ಗಳ ಎಂಜಿನ್ ಹುಟ್ಟಾ ಬ್ಯಾಲೆನ್ಸ್ ಆಗಿರುತ್ತೆ. ಪ್ರೈಮರಿ, ಸೆಕೆಂಡರಿ ಬಲಗಳು ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತವೆ. ಡೈನಮಿಕ್ಸ್ ಆಫ್ ಮಷೀನ್ಸ್ ಪೇಪರಿನಲ್ಲಿ ಇದನ್ನೇ ಹತ್ತು ಮಾರ್ಕಿಗೆ ಕೇಳೋದು. ಎರಡು, ಇದರ ವಾಲ್ವ್‌ಗಳು ಹೆಡ್‌ನಲ್ಲಿ ಇದ್ದವು. ಫೋರ್ಡ್ ವಿ-8ರಲ್ಲಿ ವಾಲ್ವ್‌ಗಳು ಬ್ಲಾಕಿನಲ್ಲಿ ಇದ್ದು, ಬಿಸಿ ಹೊಗೆ ಬ್ಲಾಕ್ ಒಳಗಿಂದಲೇ ಹಾದು ಹೊರಬರಬೇಕಿತ್ತು. ಹಾಗಾಗಿ ಅದು ಬೇಗ ಕಾಯುತ್ತಿತ್ತು.

ಕೆಟ್ಟ ಗುಣ ಒಂದೇ, ಆದರೆ ದೊಡ್ಡದು. ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳಿಗೆ ಪಂಪಿನ ಒತ್ತಡದಲ್ಲಿ ಆಯಿಲ್ ಹೋಗುತ್ತಿರಲಿಲ್ಲ. ರಾಡಿನ ತಳದಲ್ಲಿ ಒಂದು ಸಣ್ಣ ಸೌಟಿನಂಥ ಭಾಗ ಇರುತ್ತಿತ್ತು. ಪ್ರತಿ ಸುತ್ತಿಗೂ ಅದು ಕೆಳಗಿನ ತೊಟ್ಟಿಯ ಆಯಿಲ್‌ಗೆ ಬಡಿದು, ಸಿಕ್ಕಷ್ಟನ್ನು ಮೇಲಕ್ಕೆ ತಗೋಬೇಕು. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ. ಬೇರಿಂಗ್ ಕೂಡ ಎರಕ ಹೊಯ್ದ ಮೆತ್ತನೆಯ ಬ್ಯಾಬಿಟ್ ಲೋಹ. ಎಂಜಿನ್ನನ್ನು ಮಿತಿ ಮೀರಿ ಹೊತ್ತುಗಟ್ಟಲೆ ತಿರುಗಿಸಿದರೆ ಆಯಿಲ್ ಸಾಲದೆ ಬೇರಿಂಗ್ ಕರಗುತ್ತೆ, ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತೆ.

ಇಂಥ ಎಂಜಿನ್‌ಗಳಿಂದ ಹೆಚ್ಚು ಪವರ್ ತೆಗೆಯೋ ಹುಚ್ಚು ಅಮೆರಿಕದಲ್ಲಿ ಆಗಲೇ ಇತ್ತು. ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಗಾಡಿಗಳನ್ನು ಹಾಟ್ ರಾಡ್ ಮಾಡಿ, ಒಣಗಿದ ಕೆರೆಯಂಗಳದಲ್ಲಿ ಓಡಿಸಿ ಸ್ಪೀಡ್ ಅಳೆಯುತ್ತಿದ್ದರು. ಆರು ಸಿಲಿಂಡರ್ ಹಿಡಿದವರು ಮಾಡುತ್ತಿದ್ದ ಕೆಲಸ ನಮಗೂ ಅರ್ಥ ಆಗುವಂಥದ್ದೇ. ಹೆಡ್ ಉಜ್ಜಿ ಕಂಪ್ರೆಷನ್ ಹೆಚ್ಚಿಸೋದು, ಒಂದರ ಜಾಗದಲ್ಲಿ ಎರಡು ಮೂರು ಕಾರ್ಬ್ಯುರೇಟರ್ ಕೂರಿಸೋದು, ಎಕ್ಸಾಸ್ಟನ್ನು ಮೂರು ಮೂರು ಸಿಲಿಂಡರಿಗೆ ಬೇರೆ ಮಾಡೋದು. ಷೆವರ್ಲೆ ಹೆಡ್‌ನಲ್ಲಿ ಎರಡೆರಡು ಸಿಲಿಂಡರಿಗೆ ಸೇರಿ ಒಂದೇ ಇನ್‌ಟೇಕ್ ದಾರಿ ಇತ್ತು. ವೇನ್ ಹಾರ್ನಿಂಗ್ ಎಂಬುವರು ಒಂದೊಂದು ವಾಲ್ವಿಗೂ ಬೇರೆ ದಾರಿ ಇರೋ 12 ಪೋರ್ಟಿನ ಹೆಡ್ ಮಾಡಿ ಹೆಸರಾದರು. ಇನ್ನು ಕೆಲವರು ಷೆವರ್ಲೆ ಬಿಟ್ಟು, ಅದರ ಅಣ್ಣನಂತಿದ್ದ ಜಿಎಂಸಿ ಲಾರಿಯ ಎಂಜಿನ್ ಹಿಡಿದರು. ಅದು ಗಾತ್ರದಲ್ಲಿ ದೊಡ್ಡದು, ಬೇರಿಂಗಿಗೆ ಪಂಪಿನಿಂದಲೇ ಆಯಿಲ್ ಹೋಗುತ್ತಿತ್ತು.

ಆದರೆ ಕೆರೆಯಂಗಳದ ಓಟ ಕೆಲವೇ ನಿಮಿಷದ್ದು. ಎಂಜಿನ್ ಅಷ್ಟು ಹೊತ್ತು ತಡೆದರೆ ಸಾಕು. ಫಾಂಜಿಯೊ ಮುಂದಿದ್ದ ಪ್ರಶ್ನೆ ಬೇರೆಯೇ: ಇದೇ ಎಂಜಿನ್ನನ್ನು ಎರಡು ವಾರ ಓಡಿಸೋದು ಹೇಗೆ?

ಆಂಡಿಸ್ ದಾಟಿ ಹೋಗಿ ಬಂದದ್ದು

1940ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಉತ್ತರದ ಅಂತರರಾಷ್ಟ್ರೀಯ ಗ್ರ್ಯಾನ್ ಪ್ರಿ ರೇಸಿನ ದಾರಿ ಹೀಗಿತ್ತು: ಬ್ಯೂನಸ್ ಐರಿಸ್‌ನಿಂದ ಹೊರಟು, ಬೊಲಿವಿಯಾ ದಾಟಿ, ಪೆರುವಿನ ಲಿಮಾ ಮುಟ್ಟಿ, ಮತ್ತೆ ಬ್ಯೂನಸ್ ಐರಿಸ್‌ಗೆ ವಾಪಸ್. ಸುಮಾರು 9,500 ಕಿ.ಮೀ. ಜೊತೆಗೆ ಮೆಕ್ಯಾನಿಕ್‌ಗಳ ಪಡೆ ಇಲ್ಲ. ದಿನದ ಓಟ ಮುಗಿದ ಮೇಲೆ ಗಾಡಿಯಲ್ಲಿ ಏನೇ ಕೆಟ್ಟಿದ್ದರೂ ಚಾಲಕ, ಸಹಚಾಲಕ ಇಬ್ಬರೇ ರಿಪೇರಿ ಮಾಡಿಕೊಳ್ಳಬೇಕು.

ದಾರಿ ಆಂಡಿಸ್ ಬೆಟ್ಟಗಳಲ್ಲಿ 4,000 ಮೀಟರಿಗಿಂತ ಎತ್ತರಕ್ಕೆ ಹೋಗುತ್ತಿತ್ತು. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮೂರನೇ ಎರಡು ಭಾಗ ಮಾತ್ರ. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿ ಕಡಿಮೆ ಆದಷ್ಟೂ ಪವರ್ ಕಡಿಮೆ. ಅಂದರೆ 85 ಅಶ್ವಶಕ್ತಿ ಅಲ್ಲಿ ಐವತ್ತೈದರ ಆಸುಪಾಸು. ಕಾರ್ಬ್ಯುರೇಟರಿಗೆ ಎತ್ತರ ಗೊತ್ತಾಗಲ್ಲ, ಅದು ಪೆಟ್ರೋಲ್ ಹೆಚ್ಚೇ ಸುರಿಯುತ್ತೆ, ಎಂಜಿನ್ ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತೆ. ಮನುಷ್ಯರ ಕತೆಯೂ ಅದೇ. ತಲೆ ಸುತ್ತದಿರಲಿ ಅಂತ ಆ ಕಡೆಯ ಜನರ ಹಾಗೆ ಕೋಕಾ ಎಲೆ ಅಗಿಯುತ್ತಾ ಓಡಿಸಿದರು.

ಫಾಂಜಿಯೊ ಮತ್ತು ಸಹಚಾಲಕ ಎಕ್ಟರ್ ತಿಯೇರಿ ಅಕ್ಟೋಬರ್ 12ಕ್ಕೆ ಬ್ಯೂನಸ್ ಐರಿಸ್ ಮುಟ್ಟಿದಾಗ ಒಟ್ಟು ಓಟದ ಸಮಯ ಸುಮಾರು 109 ಗಂಟೆ, ಸರಾಸರಿ ವೇಗ ಗಂಟೆಗೆ 86 ಕಿ.ಮೀ. ಆಗಿತ್ತು. ಅವರೇ ಗೆದ್ದರು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟವೂ ಸಿಕ್ಕಿತು. ಟೂರಿಸ್ಮೊ ಕಾರ್ರೆತೆರಾದಲ್ಲಿ ಷೆವರ್ಲೆಗೆ ಅದು ಮೊದಲ ಪಟ್ಟ. 1941ರಲ್ಲಿ ಮತ್ತೆ ಅವರೇ ಚಾಂಪಿಯನ್.

ಗಂಟೆಗೆ 86 ಕಿ.ಮೀ. ಅಂದರೆ ನಮ್ಮ ಹೈವೇಯಲ್ಲಿ ರಾತ್ರಿ ಬಸ್ಸುಗಳೇ ಹೋಗೋ ಸ್ಪೀಡು ಅನ್ನಿಸಬಹುದು. ಆದರೆ ಸೌಟಿನಲ್ಲಿ ಆಯಿಲ್ ಕುಡಿಯೋ ಎಂಜಿನ್ ಇಟ್ಟುಕೊಂಡು, ಮಣ್ಣು ರಸ್ತೆಯಲ್ಲಿ, ಆ ಎತ್ತರದಲ್ಲಿ, ಅಷ್ಟು ದಿನ! ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದನ್ನು ಮೀಟರ್ ನೋಡಿ ಹೇಳೋಕೆ ಆಗಲ್ಲ. ಎಂಜಿನ್ ಬಿಚ್ಚಿ ಜೋಡಿಸಿ ಅಭ್ಯಾಸ ಇದ್ದವನ ಕಿವಿಗೆ ಮಾತ್ರ ಅದು ಗೊತ್ತಾಗೋದು.

ಯುದ್ಧ, ಟೈರು, ಮತ್ತು ಒಂದು ಸಾವು

1942ರ ನಂತರ ಮಹಾಯುದ್ಧದ ಬಿಸಿಯಲ್ಲಿ ಅರ್ಜೆಂಟೀನಾದಲ್ಲಿ ಪೆಟ್ರೋಲು, ಟೈರು ಸಿಗದೆ ರೇಸ್ ನಿಂತುಹೋಯಿತು. ಮೂವತ್ತು ದಾಟಿದ ಫಾಂಜಿಯೊ ಲಾರಿ ವ್ಯಾಪಾರಕ್ಕೆ ಇಳಿದರು. ಊರೂರು ತಿರುಗಿ ಹಳೇ ಲಾರಿ ಕೊಳ್ಳೋದು, ಟೈರಿಗೆ ಚಿನ್ನದ ಬೆಲೆ ಬಂದಿದ್ದರಿಂದ ಅದನ್ನೂ ಮಾರೋದು. ಒಬ್ಬ ರೇಸರ್‌ನ ಒಳ್ಳೇ ವಯಸ್ಸು ಹೀಗೇ ಕಳೆಯಿತು.

1947ರಲ್ಲಿ ಮತ್ತೆ ಶುರು ಮಾಡಿದರು. ಕೂಪೆ ಮಾತ್ರ ಅಲ್ಲ, ಷೆವರ್ಲೆ ಎಂಜಿನ್ ಹಾಕಿ ಸ್ಥಳೀಯವಾಗಿ ಕಟ್ಟಿದ ರೇಸ್ ಕಾರುಗಳನ್ನೂ ಓಡಿಸಿದರು. ಅದರಲ್ಲಿ ಒಂದಕ್ಕೆ ನೆಗ್ರೀತಾ ಅಂತ ಮುದ್ದಿನ ಹೆಸರು. ಹಾಟ್ ರಾಡ್ ಅನ್ನೋ ಪದ ಇಲ್ಲದಿದ್ದರೂ ಕೆಲಸ ಅದೇ: ಇರೋ ಎಂಜಿನ್, ಸಿಕ್ಕ ಚಾಸಿ, ಸ್ವಂತ ಕೈ.

1948ರ ಅಕ್ಟೋಬರ್‌ನಲ್ಲಿ ಬ್ಯೂನಸ್ ಐರಿಸ್‌ನಿಂದ ವೆನಿಜುವೆಲಾದ ಕರಾಕಸ್‌ವರೆಗೆ ಇನ್ನೊಂದು ದೊಡ್ಡ ರೇಸ್ ನಡೆಯಿತು. ಪೆರುವಿನ ಉತ್ತರದಲ್ಲಿ, ಕತ್ತಲಲ್ಲಿ, ಫಾಂಜಿಯೊ ಅವರ ಷೆವರ್ಲೆ ರಸ್ತೆ ಬಿಟ್ಟು ಉರುಳಿತು. ಸಹಚಾಲಕ ದಾನಿಯೆಲ್ ಉರ್ರುತಿಯಾ ತೀರಿಕೊಂಡರು. ಅದೇ ರೇಸಿನಲ್ಲಿದ್ದ ಯುಸೇಬಿಯೊ ಮಾರ್ಸಿಯಾ ತನ್ನ ಗಾಡಿ ನಿಲ್ಲಿಸಿ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿದರು. ಕೊನೆಗೆ ಅವರಿಗೆ ಸಿಕ್ಕಿದ್ದು ಎರಡನೇ ಸ್ಥಾನ. ಅರ್ಜೆಂಟೀನಾದ ಜನ ಮಾತ್ರ ಅವರನ್ನು ರಸ್ತೆಯ ಸಜ್ಜನ ಅಂತ ಇವತ್ತಿಗೂ ನೆನೆಯುತ್ತಾರೆ.

ಈ ಘಟನೆಯನ್ನು ನಾವು ಸುಮ್ಮನೆ ದಾಟಿ ಹೋಗೋಕೆ ಆಗಲಿಲ್ಲ. ಎಂಜಿನ್ ಹಾಳಾದರೆ ಇನ್ನೊಂದು ತರಬಹುದು. ಪಕ್ಕದ ಸೀಟಿನಲ್ಲಿ ಕೂತವನು ವಾಪಸ್ ಬರಲ್ಲ. ಫಾಂಜಿಯೊ ರೇಸ್ ಬಿಡೋ ಯೋಚನೆ ಮಾಡಿದ್ದರು. ಬಿಡಲಿಲ್ಲ.

ಮೂವತ್ತೆಂಟರಲ್ಲಿ ಯುರೋಪು

1949ರಲ್ಲಿ ಅರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ಬಿನ ಬೆಂಬಲದಿಂದ ಅವರು ಯುರೋಪಿಗೆ ಹೋದರು. ವಯಸ್ಸು ಮೂವತ್ತೆಂಟಾಗುತ್ತಾ ಬಂದಿತ್ತು. ಇವತ್ತಿನ ರೇಸರ್‌ಗಳು ರಿಟೈರ್ ಆಗೋ ಹೊತ್ತು ಅದು. ಸಾನ್ ರೆಮೊ, ಪೌ, ಪರ್ಪಿನ್ಯಾನ್, ಮಾರ್ಸೇ, ಆಲ್ಬಿ, ಮೊಂಝಾ ಹೀಗೆ ಒಂದೇ ವರ್ಷದಲ್ಲಿ ಸಾಲು ಸಾಲಾಗಿ ಗೆದ್ದರು. ಮುಂದಿನ ವರ್ಷವೇ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. ಆಲ್ಫಾ ರೋಮಿಯೊ ತಂಡದಿಂದ 1951ರಲ್ಲಿ ಮೊದಲ ವಿಶ್ವ ಪಟ್ಟ ಬಂತು.

1952ರಲ್ಲಿ ಅವರು ತಮ್ಮ ನಿಯಮವನ್ನು ತಾವೇ ಮುರಿದರು. ಉತ್ತರ ಐರ್ಲೆಂಡಿನಲ್ಲಿ ರೇಸ್ ಮುಗಿಸಿ, ವಿಮಾನದ ವ್ಯವಸ್ಥೆ ತಪ್ಪಿ, ಪ್ಯಾರಿಸ್‌ನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಮೊಂಝಾಕ್ಕೆ ಬಂದು, ನಿದ್ದೆ ಇಲ್ಲದೆ ನೇರ ರೇಸಿಗೆ ಕೂತರು. ಎರಡನೇ ಸುತ್ತಿನಲ್ಲೇ ಅಪಘಾತ. ಕುತ್ತಿಗೆಯ ಮೂಳೆ ಮುರಿಯಿತು. ಆ ವರ್ಷವೆಲ್ಲಾ ಮನೆಯಲ್ಲೇ. ಎಂಜಿನ್ನಿಗೆ ಕೊಡೋ ವಿಶ್ರಾಂತಿಯನ್ನು ದೇಹಕ್ಕೆ ಕೊಡದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಪರೀಕ್ಷೆಯ ಹಿಂದಿನ ರಾತ್ರಿ ಓದೋ ನಮಗೆ ಬೇರೆ ಉದಾಹರಣೆ ಬೇಡ.

1953ರಲ್ಲಿ ವಾಪಸ್ ಬಂದರು. ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಅವರ ಆಲ್ಫಾ ರೋಮಿಯೊದ ಸ್ಟೀರಿಂಗ್ ಕೆಟ್ಟು, ಮುಂದಿನ ಎರಡು ಚಕ್ರದಲ್ಲಿ ಒಂದೇ ತಿರುಗುತ್ತಿತ್ತು. ಹಾಗೇ ಓಡಿಸಿ ಎರಡನೆಯವರಾಗಿ ಮುಟ್ಟಿಸಿದರು. ಆ ಕಾರಿನದೂ ಸಾಲು ಆರು ಸಿಲಿಂಡರ್ ಎಂಜಿನ್. ಆಮೇಲೆ 1954, 1955, 1956ರಲ್ಲಿ ಸತತ ಮೂರು ವಿಶ್ವ ಪಟ್ಟ. ಯಾವ ತಂಡಕ್ಕೆ ಹೋದರೂ ಅವರು ಮೆಕ್ಯಾನಿಕ್‌ಗಳ ಜೊತೆ ಚೆನ್ನಾಗಿ ಇರುತ್ತಿದ್ದರು, ಅವರೂ ಇವರ ಕಾರನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ತಾವೂ ನೆಲ ಗುಡಿಸಿದವರಲ್ವಾ.

ಮತ್ತೆ ಆರು ಸಿಲಿಂಡರ್

1957ರ ಆಗಸ್ಟ್ 4, ಜರ್ಮನಿಯ ನೂರ್‌ಬರ್ಗ್‌ರಿಂಗ್. ಒಂದು ಸುತ್ತಿಗೆ ಸುಮಾರು 22.8 ಕಿ.ಮೀ., ಒಟ್ಟು 22 ಸುತ್ತು. ಫಾಂಜಿಯೊಗೆ 46 ವರ್ಷ. ಕಾರು ಮಸೆರಾಟಿ 250ಎಫ್. ಅದರ ಎಂಜಿನ್ ಎರಡೂವರೆ ಲೀಟರಿನ ಸಾಲು ಆರು ಸಿಲಿಂಡರ್! ಬಾಲ್ಕಾರ್ಸೆಯ ಚಂದಾ ಕಾರಿನ ಎಂಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದಕ್ಕೆ ಎರಡು ಓವರ್‌ಹೆಡ್ ಕ್ಯಾಮ್ ಶಾಫ್ಟ್, ಷೆವರ್ಲೆಗಿಂತ ಒಂದು ಲೀಟರ್ ಕಡಿಮೆ ಗಾತ್ರ, ಪವರ್ ಮಾತ್ರ ಎರಡೂವರೆ ಪಟ್ಟಿಗೂ ಹೆಚ್ಚು. ಆದರೂ ಒಂದರ ಹಿಂದೆ ಒಂದು ನಿಂತ ಆರು ಪಿಸ್ಟನ್‌ಗಳ ಅದೇ ಲೆಕ್ಕ.

ಅವತ್ತು ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಕೊಂಡು ಹಗುರವಾಗಿ ಹೊರಟು, ಮುನ್ನಡೆ ಮಾಡಿಕೊಂಡು, ನಡುವೆ ಒಮ್ಮೆ ನಿಲ್ಲಿಸೋ ಪ್ಲಾನ್ ಮಾಡಿದ್ದರು. ಪಿಟ್‌ನಲ್ಲಿ ತಡವಾಯಿತು. ಹೊರಗೆ ಬಂದಾಗ ಫೆರಾರಿಯ ಮೈಕ್ ಹಾಥಾರ್ನ್, ಪೀಟರ್ ಕಾಲಿನ್ಸ್ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಅಲ್ಲಿಂದ ಫಾಂಜಿಯೊ ಲ್ಯಾಪ್ ರೆಕಾರ್ಡನ್ನು ಮತ್ತೆ ಮತ್ತೆ ಮುರಿದರು. ಅವರ ವೇಗದ ಸುತ್ತು 9 ನಿಮಿಷ 17.4 ಸೆಕೆಂಡ್. ಅವರೇ ಪೋಲ್ ಪೊಸಿಷನ್‌ಗೆ ಮಾಡಿದ್ದ ಸಮಯಕ್ಕಿಂತ ಎಂಟು ಸೆಕೆಂಡ್ ಕಡಿಮೆ. ಕೊನೆಯದಕ್ಕಿಂತ ಹಿಂದಿನ ಸುತ್ತಿನಲ್ಲಿ ಇಬ್ಬರನ್ನೂ ದಾಟಿ, ನಾಲ್ಕು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದರು. ಐದನೇ ವಿಶ್ವ ಪಟ್ಟ ಅಲ್ಲೇ ಖಾತ್ರಿ ಆಯಿತು.

ಬದುಕಿಡೀ ಮಿತಿಯ ಒಳಗೆ ಓಡಿಸಿದವರು ಅವತ್ತು ಮಿತಿಯ ಅಂಚಿಗೇ ಹೋದರು. ಅಂಚು ಎಲ್ಲಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಅಲ್ಲಿಗೆ ಹೋಗಿ ವಾಪಸ್ ಬರೋಕೆ ಆಗೋದು. ಆ ಅಳತೆ ಅವರಿಗೆ ಸಿಕ್ಕಿದ್ದು ಆಂಡಿಸ್‌ನ ಮಣ್ಣು ರಸ್ತೆಯಲ್ಲಿ ಅಂತ ನಾವು ನಂಬುತ್ತೇವೆ.

1958ರ ಜುಲೈನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿ ರೇಸ್ ಬಿಟ್ಟರು. ಹತ್ತು ವರ್ಷದ ಹಿಂದೆ ಯುರೋಪಿನಲ್ಲಿ ಅವರು ಮೊದಲು ಓಡಿಸಿದ್ದೂ ಅದೇ ರೀಮ್ಸ್‌ನಲ್ಲಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 51 ರೇಸ್, 24 ಗೆಲುವು. ಹೆಚ್ಚುಕಡಿಮೆ ಎರಡಕ್ಕೊಂದು. ಐದು ಪಟ್ಟಗಳ ದಾಖಲೆಯನ್ನು ಮೈಕೆಲ್ ಷುಮಾಕರ್ 2003ರಲ್ಲಿ ಮುರಿಯೋವರೆಗೂ ಯಾರೂ ಮುಟ್ಟಿ ದಾಟಿರಲಿಲ್ಲ. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಅವರ ಹೆಸರಿನ ಮ್ಯೂಸಿಯಂ ಶುರುವಾಯಿತು. 1995ರ ಜುಲೈ 17ರಂದು ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ಚಂದಾ ಎತ್ತಿ ಕಾರು ಕೊಡಿಸಿದ ಅದೇ ಊರಲ್ಲಿ.

ನಮ್ಮ ಕಾರ್ಟ್ ಎಂಜಿನ್ ಇನ್ನೂ ವರ್ಕ್‌ಶಾಪ್ ಬೆಂಚಿನ ಮೇಲಿದೆ. ಈ ಸೆಮಿಸ್ಟರ್ ಅದನ್ನು ಪೂರ್ತಿ ಬಿಚ್ಚಿದ್ದೇವೆ. ಬೇರಿಂಗ್ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿವೆ. ಅಂದಹಾಗೆ, ಸಣ್ಣ ಎಂಜಿನ್ ಆದ್ದರಿಂದ ಅದರ ರಾಡಿನ ತಳದಲ್ಲೂ ಆಯಿಲ್ ಬಡಿಯೋ ಅದೇ ಸೌಟು ಇದೆ. ಹೋದ ವರ್ಷ ನಾವು ಅದನ್ನು ನೋಡಿಯೇ ಇರಲಿಲ್ಲ. ಹೊಸ ಬೇರಿಂಗ್ ಬಂದ ಮೇಲೆ ಜೋಡಿಸುತ್ತೇವೆ, ಗವರ್ನರ್ ಈ ಸಲ ಅದರ ಜಾಗದಲ್ಲೇ ಇರುತ್ತೆ. ಚಂದಾ ಕೊಟ್ಟಿದ್ದ ಜೂನಿಯರ್‌ಗಳೇ, ಸ್ಟಾರ್ಟ್ ಮಾಡೋ ದಿನ ನೀವೂ ಬನ್ನಿ. ಡಿಪ್‌ಸ್ಟಿಕ್ ನಿಮ್ಮ ಕೈಗೇ ಕೊಡ್ತೀವಿ.